ನಂಬಿಕೆ ಮೊದಲೋ, ನಂಟು ಮೊದಲೋ?

ಮುರುಕು ಛತ್ರಿ:
ಕಳೆದ ತಿಂಗಳು ಅಮ್ಮ 19 ದಿನ ಆಸ್ಪತ್ರೆಯಲ್ಲಿದ್ದರು. ನಾನು ದೇವರನ್ನು ನಂಬುವವನಲ್ಲ. ಹದಿನಾರರ ವಯಸ್ಸಿಗೇ ಬಿಟ್ಟೆ, ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗಿಲ್ಲ. ಅಮ್ಮ ಹಾಗಲ್ಲ. ವಾರಕ್ಕೊಮ್ಮೆ ಸೇರಿ ಪ್ರಾರ್ಥನೆ ಮಾಡುವ ಇಪ್ಪತ್ತು ಜನರ ಗುಂಪೊಂದು ಅವರಿಗಿದೆ. ಆ 19 ದಿನವೂ ಗುಂಪಿನವರು ಯಾರಾದರೊಬ್ಬರು ಬಂದರು. ಮುಖ ತೋರಿಸಿ ಹೋಗಲು ಬಂದವರಲ್ಲ. ಒಬ್ಬರು ರಾತ್ರಿಯಿಡೀ ಪಕ್ಕದಲ್ಲಿ ಕೂತರು, ಒಬ್ಬರು ರಕ್ತ ಕೊಟ್ಟರು, ಇನ್ನೊಬ್ಬರು ನಮ್ಮ ಮನೆಯ ಕೀಲಿ ಇಸಿದುಕೊಂಡು ಹೋಗಿ ಗಿಡಗಳಿಗೆ ನೀರು ಹಾಕಿ ಬಂದರು.

ನನ್ನ ಸ್ನೇಹಿತರಲ್ಲಿ ಹನ್ನೊಂದು ಮಂದಿ ಮೊಬೈಲಿಗೆ ‘ಬೇಗ ಗುಣವಾಗಲಿ’ ಎಂದು ಕಳಿಸಿದರು. ಇಬ್ಬರು ಕೈಮುಗಿದ ಚಿತ್ರ ಹಾಕಿದರು. ಆ ಇಬ್ಬರೂ ನನಗಿಂತ ಕಟ್ಟಾ ನಾಸ್ತಿಕರು ಎಂಬುದು ಬೇರೆ ಮಾತು.

ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ಅಮ್ಮನಿಗೆ ದೇವರಿದ್ದಾನೆ ಎಂದಲ್ಲ, ಅಮ್ಮನಿಗೆ ಜನ ಇದ್ದಾರೆ ಎಂದು. ಅಂದಿನಿಂದ ಒಂದು ಹುಳು ತಲೆ ಕೊರೆಯುತ್ತಿದೆ. ಜನ ನಂಬುವುದು ಆ ಮಾತುಗಳು ನಿಜವೆಂದು ಅನ್ನಿಸಿದ್ದರಿಂದಲೇ? ಅಥವಾ ನಂಬುವವರ ಜೊತೆ ಇರುವ ಆಸೆಯಿಂದಲೇ? ನಂಬದೆಯೇ ಅಂಥ ಜನರನ್ನು ಸಂಪಾದಿಸುವ ದಾರಿ ಯಾವುದಾದರೂ ಇದೆಯೇ? ಬೈಯುವುದಿದ್ದರೆ ನನ್ನನ್ನು ಬೈಯಿರಿ, ಅಮ್ಮನನ್ನು ಬಿಟ್ಟುಬಿಡಿ.

ಒಂದೇ ಸಾಲು:
ಅಮ್ಮ ಈಗ ಹೇಗಿದ್ದಾರೆ? ಅದನ್ನು ಹೇಳುವುದನ್ನೇ ಮರೆತಿದ್ದೀರಿ.

ಮುರುಕು ಛತ್ರಿ:
ಮನೆಗೆ ಬಂದಿದ್ದಾರೆ. ಗಿಡಗಳಿಗೆ ನೀರು ಹೆಚ್ಚಾಗಿದೆ ಎಂದು ಗೊಣಗುತ್ತಿದ್ದಾರೆ.

ಸಂಶಯಪಿಶಾಚಿ:
ಇದರಲ್ಲಿ ರಹಸ್ಯವೇನೂ ಇಲ್ಲ. ಮೂಲ ಭಯ. ‘ಸಂಕಟ ಬಂದಾಗ ವೆಂಕಟರಮಣ’ ಎಂದು ಗಾದೆ ಕಟ್ಟಿದವರು ಮನಶ್ಶಾಸ್ತ್ರ ಓದಿರಲಿಲ್ಲ, ಆದರೂ ಮೂರು ಪದದಲ್ಲಿ ಮುಗಿಸಿದರು. ಕತ್ತಲಲ್ಲಿ ಹಗ್ಗ ಕಂಡು ಹಾವೆಂದು ಹಾರಿದವನು ಬದುಕಿಕೊಂಡ. ಹಾವನ್ನು ಹಗ್ಗವೆಂದು ಹಿಡಿದವನ ಮೊಮ್ಮಕ್ಕಳು ಇಲ್ಲಿಗೆ ಬಂದು ವಾದ ಮಾಡಲು ಉಳಿಯಲಿಲ್ಲ. ಹೀಗಾಗಿ ಯಾರೂ ಇಲ್ಲದ ಕಡೆಯೂ ‘ಯಾರೋ ಇದ್ದಾರೆ’ ಎಂದುಕೊಳ್ಳುವ ಮಿದುಳು ನಮಗೆ ಬಳುವಳಿಯಾಗಿ ಬಂದಿದೆ. ಎಲೆ ಅಲುಗಿದರೆ ಗಾಳಿ ಎನ್ನುವ ಮೊದಲು ‘ಯಾರದು?’ ಎನ್ನುತ್ತೇವೆ. ಗುಡುಗಿದಾಗಲೂ ನಮ್ಮ ಹಿರಿಯರು ಅದನ್ನೇ ಕೇಳಿದರು. ಉತ್ತರವಾಗಿ ದೇವರು ಸಿಕ್ಕಿದ.

ಇದಕ್ಕೆ ಪಾರಿವಾಳಗಳೂ ಸಾಕ್ಷಿ ಹೇಳುತ್ತವೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಹಸಿದ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಏನೇ ಮಾಡಲಿ ಬಿಡಲಿ, ಗೊತ್ತಾದ ಹೊತ್ತಿಗೆ ಕಾಳು ಸಿಗುವಂತೆ ಮಾಡಿದರು. 8ರಲ್ಲಿ 6 ಹಕ್ಕಿಗಳು ತಮ್ಮದೇ ಆಚಾರ ಹಿಡಿದವು. ಒಂದು ಸುತ್ತು ಹಾಕತೊಡಗಿತು, ಇನ್ನೊಂದು ಪೆಟ್ಟಿಗೆಯ ಮೂಲೆಗೆ ತಲೆ ಚಾಚತೊಡಗಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಗೇ ಪೂಜೆ. ಇಷ್ಟೇ ವಿಷಯ.

ದೀಪದ ಬುಡ:
ಪಿಶಾಚಿಯವರೇ, ನಮಸ್ಕಾರ. ಆ ಪಾರಿವಾಳಗಳಲ್ಲಿ ನಾನೂ ಒಂದು.

ಲೆಕ್ಕದ ಮೇಷ್ಟರು:
ಪಾರಿವಾಳದ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ. 1971ರಲ್ಲಿ ಸ್ಟ್ಯಾಡನ್ ಮತ್ತು ಸಿಮ್ಮೆಲ್‌ಹ್ಯಾಗ್ ಎಂಬ ಇಬ್ಬರು ಅದೇ ಪ್ರಯೋಗವನ್ನು ಇನ್ನಷ್ಟು ಎಚ್ಚರದಿಂದ ಮಾಡಿ ನೋಡಿದರು. ಕಾಳು ಸಿಗುವ ಹೊತ್ತು ಹತ್ತಿರವಾದಂತೆ ಹಕ್ಕಿಗಳೆಲ್ಲ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತಿದ್ದವು, ಕುಕ್ಕುವುದು. ಹಸಿದ ಹಕ್ಕಿ ಕಾಳಿಗೆ ಕಾಯುವಾಗ ಸಹಜವಾಗಿ ಮಾಡುವ ಕೆಲಸ ಅದು. ಅದರಲ್ಲಿ ಮೂಢನಂಬಿಕೆ ಕಂಡದ್ದು ನೋಡಿದವರ ಕಣ್ಣಿಗೆ. ನಲವತ್ತು ವರ್ಷ ಪಾಠ ಮಾಡಿದವನು ನಾನು, ತಪ್ಪು ಕಂಡರೆ ಕೈ ತಾನಾಗಿ ಕೆಂಪು ಶಾಯಿಗೆ ಹೋಗುತ್ತದೆ. ಕ್ಷಮಿಸಿ.

ಭಯದ ವಾದಕ್ಕೂ ಒಂದು ತೊಡಕಿದೆ. ಭಯ ಕಳೆಯಲೆಂದೇ ನಂಬಿಕೆ ಹುಟ್ಟಿದ್ದಾದರೆ, ಎಷ್ಟೋ ನಂಬಿಕೆಗಳು ಹೊಸ ಭಯವನ್ನು ತಲೆಗೆ ತುಂಬುವುದೇಕೆ? ನರಕ, ಶಾಪ, ದೆವ್ವ, ಕೊನೆಯ ದಿನದ ವಿಚಾರಣೆ. ನೆಮ್ಮದಿಗೆಂದು ಕಟ್ಟಿಕೊಂಡ ಮನೆಯಲ್ಲಿ ಇಷ್ಟೊಂದು ಚೇಳು ಸಾಕಿಕೊಂಡವರು ಯಾರು?

ಸಂಶಯಪಿಶಾಚಿ:
ಪಾರಿವಾಳವನ್ನು ಹಿಂತೆಗೆದುಕೊಂಡೆ. ಹಗ್ಗವನ್ನೂ ಹಾವನ್ನೂ ಹಿಂತೆಗೆಯುವುದಿಲ್ಲ. ಚೇಳು ಸಾಕಿದವರು ಯಾರು ಎಂಬುದಕ್ಕೆ ಉತ್ತರ ಸುಲಭ: ಚೇಳಿನ ಮದ್ದು ಮಾರುವವರು.

ರಾತ್ರಿಪಾಳಿ:
ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿ 20 ವರ್ಷ ಕಳೆದಿದ್ದೇನೆ. ನಮ್ಮ ವಾರ್ಡಿನಲ್ಲಿ ರಾತ್ರಿ ಹೊತ್ತು ‘ಇವತ್ತು ಶಾಂತವಾಗಿದೆ’ ಎಂದು ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಅರ್ಧ ಗಂಟೆಯೊಳಗೆ ಮೂರು ಆಂಬುಲೆನ್ಸ್ ಬರುತ್ತವೆ ಎಂಬುದು ಎಲ್ಲರ ನಂಬಿಕೆ. ಶಾಸ್ತ್ರವನ್ನೆಲ್ಲ ಅರೆದು ಕುಡಿದ ಹಿರಿಯ ವೈದ್ಯರೂ ಆ ಮಾತು ಕೇಳಿದರೆ ಕೆಕ್ಕರಿಸಿ ನೋಡುತ್ತಾರೆ. ಹೊಸದಾಗಿ ಬಂದ ಹುಡುಗನೊಬ್ಬ ‘ಇದಕ್ಕೆ ಪುರಾವೆ ಎಲ್ಲಿದೆ?’ ಎಂದು ಕೇಳಿದ. ಅವನಿಗೆ ಅಂದು ಯಾರೂ ಚಹಾ ಕೊಡಲಿಲ್ಲ.

ಒಂದೇ ಸಾಲು:
ಚಹಾ ನಿಂತದ್ದೇ ಪುರಾವೆ.

ಅಳಿಲುಸೇವೆ:
ನಾನು ಎಲ್ಲ ಪರೀಕ್ಷೆಗಳನ್ನೂ ಒಂದೇ ಪೆನ್ನಿನಲ್ಲಿ ಬರೆದವಳು. ಕೊನೆಯ ವರ್ಷ ಅದು ಸೋರುತ್ತಿತ್ತು, ಬೆರಳೆಲ್ಲ ನೀಲಿ. ಆದರೂ ಬಿಡಲಿಲ್ಲ. ಮಾನವಶಾಸ್ತ್ರ ಓದುವಾಗ ನನ್ನಂಥವರ ಬಗ್ಗೆ ಒಂದು ಪಾಠವೇ ಇದೆ ಎಂದು ಗೊತ್ತಾಯಿತು. ಬ್ರೋನಿಸ್ಲಾವ್ ಮಾಲಿನೋವ್‌ಸ್ಕಿ ಎಂಬ ವಿದ್ವಾಂಸ ಮೊದಲ ಮಹಾಯುದ್ಧದ ವರ್ಷಗಳಲ್ಲಿ ಪೆಸಿಫಿಕ್ ಸಾಗರದ ಟ್ರೊಬ್ರಿಯಾಂಡ್ ದ್ವೀಪಗಳಲ್ಲಿ ಇದ್ದ. ಅಲ್ಲಿನವರು ದಡದೊಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಮಂತ್ರ ತಂತ್ರ ಏನೂ ಮಾಡುತ್ತಿರಲಿಲ್ಲ. ತೆರೆದ ಕಡಲಿಗೆ ಹೋಗುವಾಗ ಮಾತ್ರ ಮಂತ್ರಗಳ ಸಾಲೇ ಇತ್ತು. ಕೆಲಸ ಅದೇ, ಮೀನು ಅದೇ, ಮನುಷ್ಯರೂ ಅವರೇ. ಒಂದು ಕಡೆ ಎಲ್ಲವೂ ಕೈಯಳತೆಯಲ್ಲಿದೆ, ಇನ್ನೊಂದು ಕಡೆ ಜೀವ ಅಲೆಯ ಮೇಲಿದೆ.

ಗಣಿತದ ಪರೀಕ್ಷೆಗೆ ಪೆನ್ನು ಬೇಕಾಗಿತ್ತು, ಕನ್ನಡಕ್ಕೆ ಬೇಕಾಗಿರಲಿಲ್ಲ. ಈಗ ಅರ್ಥವಾಗುತ್ತಿದೆ.

ಲೆಕ್ಕದ ಮೇಷ್ಟರು:
ಗಣಿತವನ್ನು ಕಡಲು ಎಂದದ್ದಕ್ಕೆ ನನ್ನ ಆಕ್ಷೇಪ ಇದೆ.

ಸಂಶಯಪಿಶಾಚಿ:
ನಾನು ಹೇಳಿದ್ದೂ ಇದೇ ತಾನೇ! ಕಡಲಿನ ಭಯ. ಪ್ರಶ್ನೆಗೆ ಉತ್ತರ ಸಿಕ್ಕಿತು, ಬೀಗ ಹಾಕಿ.

ಮುರುಕು ಛತ್ರಿ:
ಬೀಗ ಬೇಡ. ನಾನು ಕೇಳಿದ್ದು ಅಲೆಯ ಮೇಲಿರುವಾಗಿನ ಮಂತ್ರವನ್ನಲ್ಲ. ದೋಣಿಯಲ್ಲಿ ಜೊತೆಗೆ ಯಾರಿದ್ದರು ಎಂದು. ಅಮ್ಮನ ಗುಂಪಿನವರಿಗೆ ಆ ದಿನ ಯಾವ ಸಂಕಟವೂ ಇರಲಿಲ್ಲ, ಸಂಕಟ ನಮಗಿತ್ತು. ಅವರು ಯಾಕೆ ಬಂದರು?

ವ್ಯಾಕರಣಪ್ರಿಯ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಎಲ್ಲರೂ ‘ನಂಬಿಕೆ’ ಎಂಬ ಒಂದೇ ಪದದ ಚೀಲದಲ್ಲಿ ಎರಡು ಬೇರೆ ವಸ್ತು ಹಾಕಿಕೊಂಡು ಓಡಾಡುತ್ತಿದ್ದೀರಿ, ಅದಕ್ಕೇ ಚರ್ಚೆ ಗಾಣದೆತ್ತಿನಂತೆ ಸುತ್ತುತ್ತಿದೆ. ‘ದೇವರಿದ್ದಾನೆ ಎಂದು ನಂಬುತ್ತೇನೆ’ ಎಂಬುದು ಒಂದು. ‘ದೇವರನ್ನು ನಂಬುತ್ತೇನೆ’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ‘ಎಂದು’ ಇದೆ, ಅದು ಒಂದು ಸಂಗತಿಯ ಬಗೆಗಿನ ಅಭಿಪ್ರಾಯ. ಎರಡನೆಯದರಲ್ಲಿ ದ್ವಿತೀಯಾ ವಿಭಕ್ತಿ ಇದೆ, ಅದು ನಂಟು. ‘ನಾನು ಅಣ್ಣನನ್ನು ನಂಬುತ್ತೇನೆ’ ಎಂದರೆ ಅಣ್ಣ ಅಸ್ತಿತ್ವದಲ್ಲಿದ್ದಾನೆ ಎಂದು ವಾದಿಸುತ್ತಿದ್ದೇನೆ ಎಂದಲ್ಲವಲ್ಲ! ನಂಬಿಕಸ್ಥ, ನಂಬಿಕೆದ್ರೋಹ, ‘ನಿನ್ನನ್ನೇ ನಂಬಿಕೊಂಡಿದ್ದೇನೆ’. ಈ ಮಾತುಗಳಲ್ಲಿ ಒಂದರಲ್ಲೂ ಇದೆಯೋ ಇಲ್ಲವೋ ಎಂಬ ಜಗಳ ಇಲ್ಲ. ಮಳೆಯನ್ನು ನಂಬಿ ಬಿತ್ತುವವನು ಮಳೆ ಎಂಬುದೊಂದು ಇದೆ ಎಂದು ಸಾಧಿಸಲು ಹೊರಟವನಲ್ಲ.

ಪಿಶಾಚಿಯವರು ‘ಎಂದು’ ನಂಬಿಕೆಗೆ ಸುತ್ತಿಗೆ ಬೀಸುತ್ತಿದ್ದಾರೆ. ಛತ್ರಿಯವರಿಗೆ ಹೊಟ್ಟೆಕಿಚ್ಚಾದದ್ದು ‘ಅನ್ನು’ ನಂಬಿಕೆಯನ್ನು ಕಂಡು.

ಸಂಶಯಪಿಶಾಚಿ:
ವ್ಯಾಕರಣ ಸೊಗಸಾಗಿದೆ. ಆದರೆ ಇಲ್ಲದ ಅಣ್ಣನನ್ನು ನಂಬಲಾಗುವುದಿಲ್ಲ. ‘ಅನ್ನು’ ನಿಲ್ಲಬೇಕಾದರೆ ಅದರ ಕೆಳಗೆ ‘ಎಂದು’ ಇರಲೇಬೇಕು. ಅಡಿಪಾಯ ಇಲ್ಲದ ಮಹಡಿ ನೋಡಿದ್ದೀರಾ?

ವ್ಯಾಕರಣಪ್ರಿಯ:
ತರ್ಕಕ್ಕೆ ಹಾಗೆ. ಬದುಕಿನಲ್ಲಿ ಮಹಡಿಯೇ ಮೊದಲು. ಮಗು ಮೊದಲು ಅಮ್ಮನನ್ನು ನಂಬುತ್ತದೆ, ಅಮ್ಮ ಹೇಳಿದ್ದು ನಿಜ ಎಂದು ಆಮೇಲೆ ನಂಬುತ್ತದೆ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದು ನೀವು ಒಪ್ಪಿದ್ದು ದೂರದರ್ಶಕ ಹಿಡಿದು ನೋಡಿಯೇ? ಯಾರೋ ಮೇಷ್ಟರನ್ನು ನಂಬಿದಿರಿ.

ಲೆಕ್ಕದ ಮೇಷ್ಟರು:
ಆ ಮೇಷ್ಟರು ನಾನೇ ಇರಬಹುದು. ಆದರೆ ಒಂದು ವ್ಯತ್ಯಾಸ ಹೇಳಲೇಬೇಕು: ನನ್ನನ್ನು ಅನುಮಾನಿಸಿದ ಹುಡುಗನಿಗೆ ನಾನು ದೂರದರ್ಶಕ ಕೊಡಿಸಬಲ್ಲೆ. ಅನುಮಾನಿಸಿದ್ದಕ್ಕೆ ತರಗತಿಯಿಂದ ಹೊರಗೆ ಹಾಕಿದರೆ ನಾನೂ ಗುರುಪೀಠ ಏರಿದಂತೆ.

ಹೊರಗಿನವಳು:
ಮೇಷ್ಟರ ಕೊನೆಯ ಸಾಲು ಓದಿ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಎಲ್ಲರೂ ಗುಂಪಿನ ಒಳಗಿನ ಬಿಸುಪಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ನಾನು ಬಾಗಿಲಿನ ಆಚೆ ನಿಂತವಳು. ಬೆಳೆದದ್ದು ತುಂಬಾ ಬಿಗಿಯಾದ ಒಂದು ಸಮುದಾಯದಲ್ಲಿ. ಯಾವುದೆಂದು ಹೇಳುವುದಿಲ್ಲ, ಹೇಳಿದರೆ ಮುಂದಿನ ಐವತ್ತು ಉತ್ತರ ಅದರ ಬಗ್ಗೆಯೇ ಬರುತ್ತವೆ. ಛತ್ರಿಯವರು ಬರೆದದ್ದೆಲ್ಲ ನನಗೂ ಸಿಕ್ಕಿದೆ. ನನ್ನ ಮಗಳು ಹುಟ್ಟಿದಾಗ ಮೂರು ತಿಂಗಳು ಅವಳನ್ನು ನೆಲಕ್ಕೆ ಬಿಡದೆ ಎತ್ತಿ ಆಡಿಸಿದ ಹೆಂಗಸರಿದ್ದರು. ಒಬ್ಬೊಬ್ಬರ ಹೆಸರೂ ನೆನಪಿದೆ.

31ನೆಯ ವಯಸ್ಸಿನಲ್ಲಿ ಸಭೆಗೆ ಹೋಗುವುದನ್ನು ನಿಲ್ಲಿಸಿದೆ. ಜಗಳವಾಡಲಿಲ್ಲ, ಯಾರಿಗೂ ಬುದ್ಧಿ ಹೇಳಲಿಲ್ಲ. ಹೇಳುವ ಮಾತಿನಲ್ಲಿ ನಂಬಿಕೆ ಉಳಿದಿರಲಿಲ್ಲ, ಸುಳ್ಳೇ ತುಟಿ ಅಲ್ಲಾಡಿಸುವುದು ನಾಚಿಕೆಯೆನಿಸಿತು. ದೇವರು ನನ್ನೊಳಗಿನಿಂದ ಹೋಗಲು ಎರಡು ವರ್ಷ ಬೇಕಾಯಿತು, ಸದ್ದಿಲ್ಲದೆ ಹೋದ. ಜನ ಹೋಗಲು ಒಂದು ವಾರ ಸಾಕಾಯಿತು. ಮಗಳನ್ನು ಎತ್ತಿ ಆಡಿಸಿದವರು ರಸ್ತೆಯಲ್ಲಿ ನನ್ನನ್ನು ಕಂಡು ಆಚೆ ಬದಿಗೆ ದಾಟಿದರು. ತಂಗಿಯ ಮದುವೆ ನನಗೆ ಗೊತ್ತಾದದ್ದು ಫೋಟೋ ನೋಡಿ. ಅಮ್ಮ ಈಗಲೂ ಫೋನ್ ಮಾಡುತ್ತಾರೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ದನಿ ತಗ್ಗಿಸಿ.

ಇನ್ನೊಂದು ವಿಷಯ. ನಾನು ಬಿಟ್ಟ ಮೇಲೆ ಆ ಸಭೆಯ ಇಬ್ಬರು ಬೇರೆ ಬೇರೆಯಾಗಿ ನನಗೆ ರಾತ್ರಿ ಕರೆ ಮಾಡಿ, ತಮಗೂ ನಂಬಿಕೆ ಹೋಗಿ ವರ್ಷಗಳೇ ಆದವು ಎಂದರು. ಒಬ್ಬರಿಗೆ ವ್ಯಾಪಾರ ಇದೆ, ಗಿರಾಕಿಗಳೆಲ್ಲ ಅಲ್ಲಿಯವರೇ. ಇನ್ನೊಬ್ಬರಿಗೆ ಮದುವೆಗೆ ಬಂದ ಮಗಳಿದ್ದಾಳೆ. ಅವರಿಬ್ಬರೂ ಇಂದಿಗೂ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನಂಬಿಕೆ ಇಲ್ಲ, ಹಾಜರಿ ಇದೆ.

ಒಂದೇ ಸಾಲು:
ಇದಕ್ಕೆ ನನ್ನ ಬಳಿ ಸಾಲು ಇಲ್ಲ.

ಮುರುಕು ಛತ್ರಿ:
ಹೊರಗಿನವಳು ಅವರೇ, ಹೊಟ್ಟೆಕಿಚ್ಚು ಎಂಬ ಪದ ಬಳಸಿದ್ದಕ್ಕೆ ಈಗ ಸಂಕೋಚವಾಗುತ್ತಿದೆ. ಮಗಳು ಹೇಗಿದ್ದಾಳೆ?

ಹೊರಗಿನವಳು:
ಹನ್ನೆರಡು ವರ್ಷ. ನನಗಿಂತ ಜಾಸ್ತಿ ಪ್ರಶ್ನೆ ಕೇಳುತ್ತಾಳೆ. ಕೆಲವಕ್ಕೆ ನಾನೇ ಆಚೆ ಬದಿಗೆ ದಾಟಬೇಕಾಗುತ್ತದೆ.

ಲೆಕ್ಕದ ಮೇಷ್ಟರು:
ಹಾಜರಿಯ ವಿಚಾರ ಬಂತಾದ್ದರಿಂದ ಹೇಳುತ್ತೇನೆ. 19ನೆಯ ಶತಮಾನದ ಅಮೆರಿಕದಲ್ಲಿ ಜನ ಊರು ಬಿಟ್ಟು ಹೋಗಿ, ಆಸ್ತಿಪಾಸ್ತಿ ಒಟ್ಟುಗೂಡಿಸಿ, ಸಣ್ಣ ಸಣ್ಣ ಸಮುದಾಯ ಕಟ್ಟಿಕೊಳ್ಳುವ ಗೀಳು ಹತ್ತಿಸಿಕೊಂಡಿದ್ದರು. ಕೆಲವು ಧರ್ಮದ ಹೆಸರಿನಲ್ಲಿ, ಕೆಲವು ಸಮಾನತೆಯ ಆದರ್ಶದ ಹೆಸರಿನಲ್ಲಿ. ಮಾನವಶಾಸ್ತ್ರಜ್ಞ ರಿಚರ್ಡ್ ಸೋಸಿಸ್ ಮತ್ತು ಜೊತೆಗಾರ ಎರಿಕ್ ಬ್ರೆಸ್ಲರ್ ಅಂಥ 83 ಸಮುದಾಯಗಳ ದಾಖಲೆ ಹಿಡಿದು ಕೂತು 2003ರಲ್ಲಿ ಪ್ರಕಟಿಸಿದರು. ಧರ್ಮದ ಮೇಲೆ ನಿಂತವು ಹೆಚ್ಚು ಕಾಲ ಬಾಳಿದ್ದವು. ಅದಕ್ಕಿಂತ ಸ್ವಾರಸ್ಯ ಮುಂದಿದೆ. ಧಾರ್ಮಿಕ ಸಮುದಾಯಗಳಲ್ಲಿ ಕಟ್ಟುಪಾಡು ಹೆಚ್ಚಿದಷ್ಟೂ ಆಯುಷ್ಯ ಹೆಚ್ಚಿತ್ತು. ಅದನ್ನು ತಿನ್ನಬೇಡ, ಇದನ್ನು ತೊಡಬೇಡ, ಹೊರಗಿನವರ ಜೊತೆ ಬೆರೆಯಬೇಡ. ಆದರ್ಶದ ಸಮುದಾಯಗಳಲ್ಲಿ ಅದೇ ಕಟ್ಟುಪಾಡು ಹಾಕಿದರೂ ಆಯುಷ್ಯ ಬೆಳೆಯಲಿಲ್ಲ.

ನನ್ನ ಊಹೆ ಇಷ್ಟು. ‘ಯಾಕೆ?’ ಎಂದು ಕೇಳಿದಾಗ ಆದರ್ಶದವನು ಕಾರಣ ಕೊಡಬೇಕು, ಕಾರಣ ಕೊಟ್ಟ ಕೂಡಲೇ ಎದುರಿನವನು ಚೌಕಾಶಿಗೆ ಇಳಿಯುತ್ತಾನೆ. ‘ದೇವರ ಅಪ್ಪಣೆ’ ಎಂದವನ ಹತ್ತಿರ ಚೌಕಾಶಿ ನಡೆಯುವುದಿಲ್ಲ.

ಸಂಶಯಪಿಶಾಚಿ:
ಮೇಷ್ಟರೇ, ಇದನ್ನು ನೀವು ಹೊಗಳಿಕೆಯಂತೆ ಬರೆದಿದ್ದೀರಿ, ನನಗೆ ಜೈಲಿನ ವರದಿ ಓದಿದಂತಾಯಿತು. ಬಾಳಿಕೆ ಬರುವುದೆಲ್ಲ ಒಳ್ಳೆಯದಾದರೆ ಕಲ್ನಾರಿನ ಹೆಂಚನ್ನೂ ಪೂಜಿಸೋಣ.

ಮತ್ತೆ, ಧರ್ಮ ಇಲ್ಲದಿದ್ದರೆ ಜನ ಒಬ್ಬರಿಗೊಬ್ಬರು ಆಗುವುದಿಲ್ಲ ಎಂಬ ಕೊರಗಿದೆಯಲ್ಲ, ಅದಕ್ಕೆ ಡೆನ್ಮಾರ್ಕ್, ಸ್ವೀಡನ್, ನಾರ್ವೆ ನೋಡಿ. ವಾರವಾರ ಚರ್ಚಿಗೆ ಹೋಗುವವರು ಅಲ್ಲಿ ಬೆರಳೆಣಿಕೆಯಷ್ಟು. ‘ಅಪರಿಚಿತರನ್ನು ನಂಬಬಹುದೇ?’ ಎಂದು ದೇಶದೇಶಗಳಲ್ಲಿ ಕೇಳುವ ಸಮೀಕ್ಷೆಗಳಲ್ಲಿ ಅವರೇ ಮೇಲಿನ ಸಾಲಿನಲ್ಲಿರುತ್ತಾರೆ. ಕಾಯಿಲೆ ಬಿದ್ದರೆ, ಕೆಲಸ ಹೋದರೆ, ಮುಪ್ಪು ಬಂದರೆ ಸರ್ಕಾರ ನೋಡಿಕೊಳ್ಳುತ್ತದೆ ಎಂಬ ಧೈರ್ಯ ಬಂದ ಕಡೆಯೆಲ್ಲ ಧರ್ಮದ ಹಿಡಿತ ಸಡಿಲವಾಗುತ್ತದೆ ಎಂದು ನಾರಿಸ್ ಮತ್ತು ಇಂಗಲ್‌ಹಾರ್ಟ್ ಎಂಬ ರಾಜ್ಯಶಾಸ್ತ್ರಜ್ಞರು 2004ರಲ್ಲೇ ವಾದಿಸಿದ್ದಾರೆ. ಛತ್ರಿಯವರ ಅಮ್ಮನ ಪಕ್ಕ ರಾತ್ರಿ ಕೂರಲು ಸಂಬಳದ ಸಿಬ್ಬಂದಿ ಇದ್ದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ರಾತ್ರಿಪಾಳಿ:
ಆ ಸಂಬಳದ ಸಿಬ್ಬಂದಿ ನಾನೇ. ಒಂದು ರಾತ್ರಿಗೆ ಹದಿನೆಂಟು ಹಾಸಿಗೆ. ಕೂರಲು ಹೇಳುತ್ತಿದ್ದೀರಿ, ನಗು ಬಂತು.

ದೀಪದ ಬುಡ:
ಈಗ ಪಾರಿವಾಳ ಮಾತನಾಡಬಹುದೇ?

ಎಲ್ಲರೂ ನನ್ನಂಥವರಿಗೆ ಕಾರಣ ಹುಡುಕುತ್ತಿದ್ದೀರಿ. ಭಯ ಎಂದಿರಿ, ಅಭ್ಯಾಸ ಎಂದಿರಿ, ಗುಂಪು ಎಂದಿರಿ, ವಿಭಕ್ತಿ ಎಂದಿರಿ. ಪಿಶಾಚಿಯವರ ಅಪನಂಬಿಕೆಗೆ ಕಾರಣವೇನು ಎಂದು ಒಬ್ಬರೂ ಕೇಳಲಿಲ್ಲ. ಅವರು ಯೋಚಿಸಿ ಬಿಟ್ಟವರು, ನಾನು ಯೋಚಿಸದೆ ಹಿಡಿದವಳು ಎಂದು ಮೊದಲೇ ತೀರ್ಮಾನವಾಗಿದೆ. ನನ್ನ ಮನೆಯಲ್ಲಿ ಯಾರೂ ನಂಬುವವರಿರಲಿಲ್ಲ. ಅಪ್ಪನಿಗೆ ದೇವರೆಂದರೆ ಗೇಲಿ. ನಾನು 26ರ ವಯಸ್ಸಿನಲ್ಲಿ ಈ ಕಡೆ ಬಂದೆ, ಬಂದದ್ದಕ್ಕೆ ಸ್ನೇಹಿತರನ್ನು ಕಳೆದುಕೊಂಡೆ. ಗುಂಪಿಗಾಗಿ ನಂಬಿದೆ ಎಂದಾದರೆ ನನ್ನ ಲೆಕ್ಕ ನಷ್ಟದ್ದೇ.

ಗುಂಪಿನ ಬಗ್ಗೆಯೂ ಕೇಳಿ. ನಮ್ಮದರಲ್ಲಿ ಅರ್ಧ ಜನ ನನಗೆ ಹಿಡಿಸುವುದಿಲ್ಲ. ಒಬ್ಬರು ಬಾಯಿ ತೆಗೆದರೆ ಮುಚ್ಚುವುದಿಲ್ಲ, ಒಬ್ಬರಿಗೆ ಎಲ್ಲರ ಮನೆಯ ಸುದ್ದಿ ಬೇಕು. ಸ್ನೇಹಿತರಾಗಿದ್ದರೆ ಎಂದೋ ದೂರ ಮಾಡುತ್ತಿದ್ದೆ. ಅವರಲ್ಲೊಬ್ಬರ ಕಾಲು ಮುರಿದಾಗ ಆರು ವಾರ ನಾನೇ ಬಟ್ಟೆ ಒಗೆದು ಕೊಟ್ಟೆ, ಬೈದುಕೊಂಡೇ. ಸ್ನೇಹಕ್ಕೆ ಮನಸ್ಸು ಬೇಕು. ಇದಕ್ಕೆ ಮನಸ್ಸು ಇಲ್ಲದಿದ್ದರೂ ನಡೆಯುತ್ತದೆ. ಛತ್ರಿಯವರು ‘ಯಾಕೆ ಬಂದರು?’ ಎಂದು ಕೇಳಿದ್ದಕ್ಕೆ ನನಗೆ ಗೊತ್ತಿರುವ ಉತ್ತರ: ಅಂದು ಅವರ ಸರದಿ ಇತ್ತು.

ಹೊರಗಿನವಳು ಅವರಿಗೆ ಏನು ಹೇಳಲಿ? ನಿಮ್ಮನ್ನು ಕಂಡು ರಸ್ತೆ ದಾಟಿದವರು ನಮ್ಮವರೇ, ಬೇರೆ ಯಾರೋ ಎಂದು ಕೈ ತೊಳೆದುಕೊಳ್ಳುವುದಿಲ್ಲ. ನಾನೂ ಒಮ್ಮೆ ಹಾಗೆ ದಾಟಿದ್ದೇನೆ.

ಹೊರಗಿನವಳು:
ಕೊನೆಯ ವಾಕ್ಯವನ್ನು ಇಷ್ಟು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಸಂಶಯಪಿಶಾಚಿ:
ಸರಿ, ನನ್ನ ಕಾರಣವನ್ನೂ ಕೇಳಿಬಿಡಿ. ನನ್ನ ಅಪ್ಪ ದಿನಕ್ಕೆ ಮೂರು ಹೊತ್ತು ಪ್ರಾರ್ಥಿಸುತ್ತಿದ್ದರು, ಮೂರು ಹೊತ್ತೂ ಅಮ್ಮನಿಗೆ ಹೊಡೆಯುತ್ತಿದ್ದರು. ಇದು ತರ್ಕ ಅಲ್ಲ ಎಂದು ಗೊತ್ತು. ವ್ಯಾಕರಣಪ್ರಿಯರು ಹೇಳಿದ ಹಾಗೆ, ನನಗೆ ಮೊದಲು ಹೋದದ್ದು ‘ಅನ್ನು’, ‘ಎಂದು’ ಆಮೇಲೆ ಹೋಯಿತು. ಒಪ್ಪಿಕೊಂಡೆ. ಇನ್ನು ಇದರ ಬಗ್ಗೆ ಯಾರೂ ಕನಿಕರ ತೋರಿಸಬೇಡಿ.

ನಿರ್ವಾಹಕ:
ಇಲ್ಲಿ ‘ಎಲ್ಲ ಧರ್ಮದವರೂ ಹೀಗೇ’, ‘ಎಲ್ಲ ನಾಸ್ತಿಕರೂ ಹಾಗೇ’ ಎಂಬ ಎರಡು ಉತ್ತರಗಳನ್ನು ತೆಗೆದಿದ್ದೇನೆ. ಎರಡೂ ಒಬ್ಬರದೇ ಎಂಬುದು ವಿಶೇಷ.

ಅಳಿಲುಸೇವೆ:
‘ಸರದಿ’ ಎಂಬ ಮಾತಿಗೆ ಇನ್ನೊಂದು ಕಥೆ ಇದೆ. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಪಕ್ಕದ ಕಟ್ಟಡಕ್ಕೆ ಹೋಗಿ ಭಾಷಣ ಮಾಡಬೇಕು. ದಾರಿಯಲ್ಲಿ ಒಬ್ಬ ನರಳುತ್ತಾ ಕುಸಿದು ಕೂತಿರುತ್ತಾನೆ, ಅವನನ್ನು ಕೂರಿಸಿದವರು ಇವರೇ. ಆತುರವಿಲ್ಲ ಎಂದು ಹೇಳಿ ಕಳಿಸಿದವರಲ್ಲಿ ನೂರಕ್ಕೆ 63 ಮಂದಿ ನಿಂತು ನೆರವಾದರು. ‘ತಡವಾಗಿದೆ, ಓಡು’ ಎಂದು ಕಳಿಸಿದವರಲ್ಲಿ ನೂರಕ್ಕೆ 10 ಮಾತ್ರ. ಅವರಲ್ಲಿ ಅರ್ಧ ಮಂದಿ ಮಾಡಬೇಕಿದ್ದ ಭಾಷಣ ಯಾವುದರ ಬಗ್ಗೆ ಎಂದುಕೊಂಡಿರಿ? ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ದಯಾಳುವಿನ ಬೈಬಲ್ ಕಥೆ! ಆ ವಿಷಯ ತಲೆಯಲ್ಲಿದ್ದುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅಂದರೆ ಮನಸ್ಸಿನಲ್ಲಿ ಏನಿದೆ ಎಂಬುದಕ್ಕಿಂತ ಗಡಿಯಾರದಲ್ಲಿ ಎಷ್ಟಾಗಿದೆ ಎಂಬುದೇ ದೊಡ್ಡದಾಯಿತು. ಗುಂಪಿನವರು ವಾರದಲ್ಲಿ ಒಂದು ಸಂಜೆಯನ್ನು ಮೊದಲೇ ತೆಗೆದಿಟ್ಟಿರುತ್ತಾರಲ್ಲ, ಅದೇ ಗುಟ್ಟು ಇರಬಹುದು.

ಸಂಶಯಪಿಶಾಚಿ:
ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ‘ಎಂದು’ ನಂಬಿಕೆ ಕಣ್ಣೆದುರೇ ಸುಳ್ಳಾದಾಗ ಏನಾಗಬೇಕು? ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಬೋಧಕನ ಮಾತು ಕೇಳಿ ಸಾವಿರಾರು ಜನ 1844ರ ಅಕ್ಟೋಬರ್ 22ರಂದು ಯೇಸು ಇಳಿದು ಬರುತ್ತಾನೆ ಎಂದು ಕಾದು ಕೂತರು. ಕೆಲವರು ಹೊಲದ ಬೆಳೆಯನ್ನೂ ಕೊಯ್ಯದೆ ಬಿಟ್ಟಿದ್ದರು. ಬೆಳಗಾಯಿತು, ಯಾರೂ ಬರಲಿಲ್ಲ. ಬಹಳ ಮಂದಿ ಬಿಟ್ಟು ಹೋದರು, ಸರಿ. ಉಳಿದವರಲ್ಲಿ ಕೆಲವರು ‘ದಿನಾಂಕ ಸರಿ, ಅಂದು ನಡೆದ ಘಟನೆ ಸ್ವರ್ಗದಲ್ಲಿ’ ಎಂದು ಅರ್ಥ ತಿರುಗಿಸಿದರು. ಆ ಎಳೆಯಿಂದ 1863ರಲ್ಲಿ ಒಂದು ಹೊಸ ಪಂಥವೇ ಸಂಘಟಿತವಾಗಿ ಇಂದಿಗೂ ಲೋಕದ ತುಂಬ ಇದೆ. ಇದನ್ನೂ ನಂಟು ಎಂದು ಮುದ್ದು ಮಾಡಬೇಕೇ?

ಹೊರಗಿನವಳು:
ಅಕ್ಟೋಬರ್ 23ರ ಬೆಳಿಗ್ಗೆಯನ್ನು ಯೋಚಿಸಿ. ಬೆಳೆ ಕೊಯ್ದಿಲ್ಲ, ಊರೆಲ್ಲ ನಗುತ್ತಿದೆ. ನಿಮ್ಮನ್ನು ನೋಡಿ ನಗದವರು ಲೋಕದಲ್ಲಿ ಯಾರು? ರಾತ್ರಿ ನಿಮ್ಮ ಪಕ್ಕದಲ್ಲಿ ಕಾದು ಕೂತವರು ಮಾತ್ರ. ನಾನಾದರೂ ಅವರ ಮನೆಗೇ ಹೋಗುತ್ತಿದ್ದೆ. ಮುದ್ದು ಮಾಡಬೇಡಿ, ಆದರೆ ಅದನ್ನು ದಡ್ಡತನ ಎನ್ನಬೇಡಿ.

ಲೆಕ್ಕದ ಮೇಷ್ಟರು:
ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ ಈ ಮಾತನ್ನು 1912ರಲ್ಲೇ ಹೇಳಿದ್ದ: ಜನ ಸೇರಿ ಪೂಜಿಸುವಾಗ ಅವರಿಗೆ ತಾಕುವ ದೊಡ್ಡ ಶಕ್ತಿ ಅವರ ಸಮಾಜದ್ದೇ ಎಂದು. ಅವನು ಯಹೂದಿ ಧರ್ಮಗುರುಗಳ ಮನೆತನದಲ್ಲಿ ಹುಟ್ಟಿ ನಂಬಿಕೆ ಬಿಟ್ಟವನು. ಛತ್ರಿಯವರ ಹೊಟ್ಟೆಕಿಚ್ಚು ಅವನಿಗೂ ಇದ್ದಿರಬೇಕು ಎಂದು ನನಗೆ ಆಗಾಗ ಅನ್ನಿಸುತ್ತದೆ.

ರಾತ್ರಿಪಾಳಿ:
ಪ್ರಾರ್ಥನೆಯ ಬಗ್ಗೆ ಒಂದು ಮಾತು ಸೇರಿಸಲೇ? 2006ರಲ್ಲಿ ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಆದ 1,802 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಅಪರಿಚಿತರು ದೂರದಿಂದ ಪ್ರಾರ್ಥಿಸಿದ್ದರಿಂದ ಫಲ ಕಾಣಲಿಲ್ಲ. ‘ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ’ ಎಂದು ತಿಳಿಸಿದವರಲ್ಲಿ ತೊಡಕುಗಳು ಸ್ವಲ್ಪ ಹೆಚ್ಚೇ ಕಂಡವು, ನೂರಕ್ಕೆ 59. ತಿಳಿಯದಿದ್ದವರಲ್ಲಿ 52. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ‘ಇಷ್ಟು ಜನ ಪ್ರಾರ್ಥಿಸುವಷ್ಟು ಕೆಟ್ಟಿದೆಯೇ ನನ್ನ ಸ್ಥಿತಿ?’ ಎಂದು ಗಾಬರಿಯಾಗುವ ರೋಗಿಗಳನ್ನು ನೋಡಿದ್ದೇನೆ. ಪಕ್ಕದಲ್ಲಿ ಕೂತು ಕೈ ಹಿಡಿದು ಗೊಣಗುವ ಪ್ರಾರ್ಥನೆ ಬೇರೆ. ಅದರಲ್ಲಿ ದೇವರಿಗೆ ಎಷ್ಟು ಕೇಳಿಸುತ್ತದೋ, ರೋಗಿಗಂತೂ ಕೇಳಿಸುತ್ತದೆ.

ಅದಿರಲಿ. ಛತ್ರಿಯವರೇ, ಆ ಹನ್ನೊಂದು ಸ್ನೇಹಿತರಿಗೆ ನೀವು ಏನೆಂದು ಉತ್ತರಿಸಿದಿರಿ?

ಮುರುಕು ಛತ್ರಿ:
ಈ ಪ್ರಶ್ನೆ ಓದಿ ಮೊಬೈಲ್ ತೆಗೆದು ನೋಡಿದೆ. ಹನ್ನೊಂದು ಮಂದಿಯಲ್ಲಿ ಏಳು ಮಂದಿ ‘ಏನಾದರೂ ಬೇಕಾ?’ ಎಂದು ಕೇಳಿದ್ದಾರೆ. ಇಬ್ಬರು ‘ಬರಲೇ?’ ಎಂದಿದ್ದಾರೆ. ಒಂಬತ್ತು ಮಂದಿಗೂ ನಾನು ಕಳಿಸಿರುವುದು ಒಂದೇ ವಾಕ್ಯ: ‘ಏನೂ ಬೇಡ, ನಾನು ನೋಡಿಕೊಳ್ಳುತ್ತೇನೆ.’ ಕೈಮುಗಿದ ಚಿತ್ರ ಹಾಕಿದವನಂತೂ ಎರಡನೆಯ ಸಲವೂ ಕೇಳಿದ್ದಾನೆ.

ಅಮ್ಮನ ಗುಂಪಿನವರು ಕೇಳಲೇ ಇಲ್ಲ. ಬಂದು ಕುರ್ಚಿ ಎಳೆದುಕೊಂಡು ಕೂತರು.

ದೀಪದ ಬುಡ:
ನಮಗೆ ಕೇಳಿ ಅಭ್ಯಾಸವಿಲ್ಲ. ಅದೇ ನಮ್ಮ ಗುಣ, ಅದೇ ನಮ್ಮ ರೋಗ.

ಸಂಶಯಪಿಶಾಚಿ:
ಎರಡನೆಯದನ್ನು ನೀವೇ ಹೇಳಿದ್ದರಿಂದ ನನಗೆ ಕೆಲಸ ಉಳಿಯಿತು.

ಮುರುಕು ಛತ್ರಿ:
ಕೊನೆಗೊಂದು ಸಣ್ಣ ತೊಂದರೆ. ಗುರುವಾರ ಗುಂಪು ಸೇರುತ್ತದೆ. ಅಮ್ಮನಿಗೆ ಇನ್ನೂ ಒಬ್ಬರೇ ನಡೆಯಲಾಗುವುದಿಲ್ಲ, ಕೈ ಹಿಡಿದು ಕರೆದೊಯ್ಯುವವನು ನಾನೇ. ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಏನು ಮಾಡಲಿ? ಮುಚ್ಚಿದರೆ ನಾಟಕ, ತೆರೆದರೆ ಧಿಮಾಕು.

ವ್ಯಾಕರಣಪ್ರಿಯ:
ಅಮ್ಮನನ್ನು ನೋಡುತ್ತಿರಿ. ದ್ವಿತೀಯಾ ವಿಭಕ್ತಿ.

ದೀಪದ ಬುಡ:
ತೆರೆದೇ ಇಟ್ಟುಕೊಳ್ಳಿ. ಯಾರೂ ನೋಡುವುದಿಲ್ಲ, ಎಲ್ಲರ ಕಣ್ಣೂ ಮುಚ್ಚಿರುತ್ತದೆ. ತೆರೆದುಕೊಂಡಿರುವ ಇನ್ನೂ ಒಂದಿಬ್ಬರು ಸಿಗುತ್ತಾರೆ, ಅವರ ಗುರುತನ್ನು ಹೊರಗೆ ಹೇಳಬೇಡಿ.

ಒಂದೇ ಸಾಲು:
ಮುಚ್ಚಿದರೂ ಪರವಾಗಿಲ್ಲ, ಗೊರಕೆ ಹೊಡೆಯಬೇಡಿ.